ಗುಜರಿಯ ತಗಡು: ಒಂದು ಧರ್ಮಜಿಜ್ಞಾಸೆ

ಹಳೆಯ ಮೋಟಾರು ಕಾರಿನ ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ತೆಗೆದು, ಗುಜರಿಗೆ ಬಿದ್ದ ಇನ್ನೊಂದು ಕಾರಿನ ತಗಡನ್ನು ತಂದು ಆ ಜಾಗದಲ್ಲಿ ಬೆಸೆಯುವುದರಲ್ಲಿ ಧರ್ಮಾಧರ್ಮದ ಮಾತೇನು ಬಂತು ಎಂದು ಓದುಗರು ಹುಬ್ಬೇರಿಸಬಹುದು. ಅದು ಗ್ಯಾರೇಜಿನ ವ್ಯವಹಾರ. ಹೆಚ್ಚೆಂದರೆ ದುಡ್ಡಿನ ವ್ಯವಹಾರ. ಸಂಘದ ಪತ್ರಿಕೆಯಲ್ಲಿ ಸತ್ಯ, ಅಹಿಂಸೆ, ಕರ್ಮ ಇತ್ಯಾದಿಗಳ ಮೇಲೆ ಲೇಖನ ಬಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಆದರೆ ಈ ದೊಡ್ಡ ಮಾತುಗಳು ನಮ್ಮಂಥ ಗೃಹಸ್ಥರ ಬಾಗಿಲಿಗೆ ಬರುವಾಗ ಕಾವಿ ಉಟ್ಟು ಬರುವುದಿಲ್ಲ. ಕೈಗೆ ಗ್ರೀಸು ಮೆತ್ತಿಕೊಂಡು, ರಸೀದಿಯಿಲ್ಲದ ಸಾಮಾನನ್ನು ಬಗಲಲ್ಲಿ ಇಟ್ಟುಕೊಂಡು ಬರುತ್ತವೆ.

ನನ್ನ ಮನಸ್ಸಿನಲ್ಲಿರುವ ಕಾರು ಪ್ರೀಮಿಯರ್ ಪದ್ಮಿನಿ. ಮುಂಬಯಿಯಲ್ಲಿ ನಾಲ್ಕು ದಿನ ಬಾಳಿದವರಿಗೂ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ವಾಲಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ 1100 ಮಾದರಿಯ ಕಾರನ್ನು ತಯಾರಿಸುತ್ತಿತ್ತು. 1974ರಿಂದ ಅದಕ್ಕೆ ಪದ್ಮಿನಿ ಎಂದು ಹೆಸರಾಯಿತು. ಹೆಸರು ಬರೆಸಿ, ಹಣ ಕಟ್ಟಿ, ವರ್ಷಗಟ್ಟಲೆ ಕಾದು ಕಾರು ಪಡೆಯುತ್ತಿದ್ದ ಕಾಲವದು. ಮಗಳ ಮದುವೆ ಮೊದಲೋ ಫಿಯೆಟ್ ಮೊದಲೋ ಎಂಬುದು ಎಷ್ಟೋ ಮನೆಗಳಲ್ಲಿ ಹಾಸ್ಯದ ಮಾತಾಗಿರಲಿಲ್ಲ. ಈ ಶತಮಾನದ ಆರಂಭದ ಹೊತ್ತಿಗೆ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿಯ ದಾಖಲೆ ತಾರದೇವ್ ಆರ್.ಟಿ.ಒ. ಕಚೇರಿಯಲ್ಲಿ 29 ಅಕ್ಟೋಬರ್ 2003ರದು. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 30 ಅಕ್ಟೋಬರ್ 2023ರಿಂದ ಅವು ಬಾಡಿಗೆಗೆ ಓಡುವುದು ನಿಂತಿತು. ಖಾಸಗಿ ಕಾರುಗಳು ಮಾತ್ರ, ನೋಂದಣಿಯನ್ನು ನವೀಕರಿಸಿಕೊಳ್ಳುತ್ತ, ಅಲ್ಲೊಂದು ಇಲ್ಲೊಂದು ಉಳಿದುಕೊಂಡವು.

ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಾರ್ಖಾನೆಯ ಹೊಸ ತಗಡು ಇಲ್ಲ. ಚಪ್ಪಟೆಯಾದ ನೆಲದ ತಗಡನ್ನು ಒಳ್ಳೆಯ ಕೈಯವನು ಬಡಿದು ಮಾಡಿಕೊಡಬಲ್ಲ. ಆದರೆ ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಇವುಗಳ ತಿರುವು ಮುರುವುಗಳು ದೊಡ್ಡ ಅಚ್ಚಿನಲ್ಲಿ ಒತ್ತಿ ಬಂದವು. ಅವು ಸುತ್ತಿಗೆಗೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಒಂದು ಪದ್ಮಿನಿ ಉಳಿಯಬೇಕಾದರೆ ಸಾಮಾನ್ಯವಾಗಿ ಇನ್ನೊಂದು ಪದ್ಮಿನಿ ಅಳಿಯಬೇಕು.

ಉಳಿಸುವುದಾದರೂ ಏಕೆ, ಎಂದು ಕೇಳುವವರು ತುಕ್ಕು ಎಂದರೇನೆಂದು ಮೊದಲು ತಿಳಿದುಕೊಳ್ಳಬೇಕು. ಕಬ್ಬಿಣಕ್ಕೆ ನೀರೂ ಗಾಳಿಯ ಆಮ್ಲಜನಕವೂ ಸೇರಿ ಆಗುವ ಈ ಕೆಂಪು ಪುಡಿ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಅದು ಉಬ್ಬಿ, ಹೊಪ್ಪಳಿಕೆಯಾಗಿ ಕಳಚಿ ಬೀಳುತ್ತದೆ. ಒಳಗಿನ ಹೊಸ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ತಾಮ್ರದ ಪಾತ್ರೆಯ ಕಿಲುಬು ಒಂದು ಹಂತಕ್ಕೆ ಬಂದಮೇಲೆ ಒಳಗಿನ ತಾಮ್ರವನ್ನು ಒಂದಿಷ್ಟು ಕಾಯುತ್ತದೆ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಇದರ ಜೊತೆಗೆ ಸಮುದ್ರದ ಉಪ್ಪು ಬೆರೆತರೆ ಕೇಳುವುದೇ ಬೇಡ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಂಬಯಿಯಲ್ಲಿ ನಿಂತ ಕಾರಿನ ಬಾಗಿಲೊಳಗೆ ಇಳಿದ ನೀರು ಹೊರಹೋಗಲು ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಎಲೆ, ಕೆಸರು ಕಟ್ಟಿ ಅವು ಮುಚ್ಚಿಹೋದರೆ ನೀರು ಅಲ್ಲೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗಡೆ ಬಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡಾಗ ಒಳಗೆ ಅಂಗೈ ಅಗಲ ಹೋಗಿರುತ್ತದೆ.

ಈಗ ಗ್ಯಾರೇಜಿನವನ ಮುಂದೆ ಎರಡು ದಾರಿ. ಒಂದು: ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುವುದು. ಎರಡು ದಿನದ ಕೆಲಸ. ಕಾರು ಮದುವಣಗಿತ್ತಿಯ ಹಾಗೆ ಕಾಣುತ್ತದೆ. ಪುಟ್ಟಿಯ ಹಿಂದೆ ತೇವ ಸಿಕ್ಕಿಕೊಂಡು ಎರಡು ಮಳೆಗಾಲದೊಳಗೆ ಮತ್ತೆ ಅದೇ ಗುಳ್ಳೆ. ಇನ್ನೊಂದು: ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸುತ್ತ ಹೋಗಿ, ಅಷ್ಟೇ ಅಳತೆಯ ತುಂಡನ್ನು ಗುಜರಿಯ ಗಾಡಿಯಿಂದ ಕೊಯ್ದು ತಂದು ಬೆಸೆಯುವುದು. ಗುಜರಿಯಲ್ಲಿ ಕೊಯ್ಯುವಾಗ ಬೇಕಾದ್ದಕ್ಕಿಂತ ಬೆರಳಗಲ ಹೆಚ್ಚಿಗೇ ಕೊಯ್ಯಬೇಕು, ಕೂರಿಸುವಾಗ ಕಡಿಮೆ ಮಾಡಬಹುದು. ಹಳೆಯ ಮೇಸ್ತ್ರಿಗಳು ಇದನ್ನು ಮಂತ್ರದಂತೆ ಹೇಳುತ್ತಾರೆ. ಗ್ಯಾಸಿನ ಉರಿ ಒಂದೇ ಕಡೆ ಹೆಚ್ಚು ಹೊತ್ತು ನಿಂತರೆ ತಗಡು ಹಪ್ಪಳದಂತೆ ಮುರುಟುತ್ತದೆ. ಆದ್ದರಿಂದ ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ಮತ್ತೆ ಹಾಕಬೇಕು. ಇದು ವಾರಗಟ್ಟಲೆ ಹಿಡಿಯುವ, ಹೊರಗೆ ಏನೂ ಕಾಣದ ಕೆಲಸ. ಪುಟ್ಟಿಯ ದಾರಿಯಲ್ಲಿ ನೋಡುವವನ ಕಣ್ಣಿಗೆ ಸಲ್ಲುವುದನ್ನು ಮಾಡುತ್ತೇವೆ, ತಗಡಿನ ದಾರಿಯಲ್ಲಿ ವಸ್ತುವಿಗೆ ಸಲ್ಲುವುದನ್ನು. ಇಷ್ಟು ಮಾತ್ರದ ನೀತಿ ಯಾರಿಗಾದರೂ ಹೊಳೆಯುತ್ತದೆ. ಕಷ್ಟ ಇರುವುದು ಇದರಾಚೆಗೆ.

ನಮ್ಮ ಕಟ್ಟಡದಲ್ಲಿ ಉಡುಪಿ ಕಡೆಯ ಒಬ್ಬ ಹಿರಿಯರಿದ್ದಾರೆ, ಬ್ಯಾಂಕಿನಿಂದ ನಿವೃತ್ತರು. 1984ರಲ್ಲಿ ಕೊಂಡ ಪದ್ಮಿನಿಯೊಂದು ಅವರಲ್ಲಿದೆ. 2022ರ ಮಳೆಗಾಲ ಕಳೆದಮೇಲೆ ಜ್ಯಾಕ್ ಹಾಕಿ ಎತ್ತಿದಾಗ ಬಾಗಿಲು ಮುಚ್ಚಲೊಲ್ಲದು! ಬಾಗಿಲ ಕೆಳಗಿನ ಪಟ್ಟಿ ಕೊಳೆತು ಕಾರಿನ ಬೆನ್ನೇ ಬಾಗತೊಡಗಿತ್ತು. ಈ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ಮೈಯ ತಗಡೇ ಎಲುಬು. ಮೇಸ್ತ್ರಿ ಕುರ್ಲಾದ ಗುಜರಿಯಲ್ಲಿ ಇನ್ನೊಂದು ಪದ್ಮಿನಿಯನ್ನು ಹುಡುಕಿದ. ಹಿರಿಯರೂ ನಾನೂ ಹೋಗಿ ನೋಡಿದೆವು. ಒಣ ಹವೆಯ ಬಯಲುಸೀಮೆಯಲ್ಲಿ ಬಾಳಿದ ಗಾಡಿ ಅದು. ಕೆಳಭಾಗ ಗಂಟೆಯಂತೆ ನಾದ ಕೊಡುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಯಾವುದೋ ಮಗು ಅಂಟಿಸಿದ ಚಿಟ್ಟೆಯ ಚಿತ್ರ. ಅಂದರೆ, ನಿಜ ಹೇಳಬೇಕೆಂದರೆ, ಗುಜರಿಯಲ್ಲಿ ನಿಂತ ಕಾರು ಹಿರಿಯರ ಕಾರಿಗಿಂತ ಎಷ್ಟೋ ಗಟ್ಟಿಯಾಗಿತ್ತು. ಉಳಿಸಬೇಕಾದದ್ದು ಯಾವುದು, ಕೊಯ್ಯಬೇಕಾದದ್ದು ಯಾವುದು?

ಗುಜರಿಯವನು ವ್ಯವಹಾರಸ್ಥ, ಅವನಿಗೆ ಉತ್ತರ ಸಿದ್ಧವಾಗಿತ್ತು. ಆ ಕಾರಿನ ಮನೆಯವರು ನೋಂದಣಿಯನ್ನು ರದ್ದು ಮಾಡಿಸಿ ಕೊಟ್ಟುಹೋಗಿದ್ದರು. ಮೈ ಗಟ್ಟಿ, ಆದರೆ ಕಾಗದದಲ್ಲಿ ಸತ್ತದ್ದು. ಹಿರಿಯರ ಕಾರು ಕಾಗದದಲ್ಲಿ ಜೀವಂತ, ಮೈ ಮಾತ್ರ ಕೊಳೆತದ್ದು. ‘ಇಷ್ಟೆಲ್ಲ ತಗಡು ಏಕೆ ಕೊಯ್ಯುತ್ತೀರಿ ಸಾಹೇಬರೇ, ನಿಮ್ಮ ಗಾಡಿಯ ಚಾಸಿ ನಂಬರು ಒತ್ತಿದ ಅಂಗೈಯಷ್ಟು ತುಂಡನ್ನು ಕೊಯ್ದು ಇದಕ್ಕೆ ಬೆಸೆದುಬಿಟ್ಟರೆ ಒಂದು ದಿನದ ಕೆಲಸ’ ಎಂದ.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ಕಾನೂನಿಗೆ ವಿರುದ್ಧ ಎಂಬುದು ಸರಿ. ಆದರೆ ಕಾನೂನನ್ನು ಒಂದು ಕ್ಷಣ ಬದಿಗಿಟ್ಟರೆ, ಅವನ ಮಾತಿನಲ್ಲಿ ತರ್ಕದೋಷ ಎಲ್ಲಿದೆ? ಇವತ್ತು ಎರಡು ಪಟ್ಟಿ, ನಾಳೆ ನೆಲ, ಮುಂದಿನ ವರ್ಷ ನಾಲ್ಕು ಬಾಗಿಲು, ಹೀಗೆ ಆ ಕಾರಿನ ಮೈಯನ್ನೆಲ್ಲ ತುಂಡು ತುಂಡಾಗಿ ಈ ನಂಬರಿನ ಬಳಿಗೆ ತರುವುದು ಧರ್ಮ. ನಂಬರನ್ನೇ ಆ ಮೈಯ ಬಳಿಗೆ ಒಯ್ಯುವುದು ಅಧರ್ಮ! ಕೊನೆಗೆ ರಸ್ತೆಯ ಮೇಲೆ ನಿಲ್ಲುವ ಕಾರು ಎರಡು ಲೆಕ್ಕದಲ್ಲೂ ಒಂದೇ ಅಲ್ಲವೇ?

ಇದು ಹಳೆಯ ಪ್ರಶ್ನೆ. ಭಿಕ್ಷು ನಾಗಸೇನನು ಯವನ ದೊರೆ ಮಿಲಿಂದನನ್ನು ರಥದ ವಿಷಯವಾಗಿ ಕೇಳಿದ್ದು ಇದನ್ನೇ: ಅಚ್ಚು ರಥವೋ, ಗಾಲಿ ರಥವೋ, ಮೂಕಿ ರಥವೋ? ಯಾವುದೂ ಅಲ್ಲ, ಎಲ್ಲ ಸೇರಿದಾಗ ಇಟ್ಟುಕೊಂಡ ಹೆಸರು ರಥ. ಗ್ರೀಕರಲ್ಲಿ ಥೀಸಿಯಸ್ಸನ ಹಡಗಿನ ಕಥೆಯುಂಟು; ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಅದು ಅದೇ ಹಡಗೋ ಎಂದು ಪ್ಲುಟಾರ್ಕನ ಕಾಲಕ್ಕೇ ವಾದ ನಡೆದಿತ್ತು. ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಹಾಬ್ಸ್ ಅದಕ್ಕೊಂದು ಗಂಟು ಸೇರಿಸಿದ: ಬದಲಿಸಿದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಮತ್ತೆ ಹಡಗು ಕಟ್ಟಿದರೆ ಎರಡರಲ್ಲಿ ನಿಜವಾದದ್ದು ಯಾವುದು? ನಮ್ಮ ನಾಡಿನ ಶಾಸನಗಳಲ್ಲಂತೂ ದೇಗುಲದ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಭೂಮಿ ಬಿಟ್ಟ ಉಲ್ಲೇಖ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಕಟ್ಟಿಸಿದ ದಿನವೇ ಅದು ಒಡೆಯುತ್ತದೆ, ಬಿರುಕು ಬಿಡುತ್ತದೆ ಎಂದು ತಿಳಿದು ದುರಸ್ತಿಗೆ ದತ್ತಿ ಬಿಟ್ಟ ಆ ಜನರ ವ್ಯವಹಾರಜ್ಞಾನ ದೊಡ್ಡದು. ಕಲ್ಲು ಬದಲಾದರೂ ದೇವಸ್ಥಾನ ಅದೇ ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ.

ನನಗೆ ತೋರುವಂತೆ, ನಾಗಸೇನನ ಮಾತು ಹಿಡಿದುಕೊಂಡರೆ ಗುಜರಿಯವನಿಗೇ ಗೆಲುವು. ಹೆಸರೆಂಬುದು ಇಟ್ಟುಕೊಂಡದ್ದು, ಎಲ್ಲಿ ಅಂಟಿಸಿದರೇನು? ಆದರೆ ಇಟ್ಟುಕೊಂಡ ಹೆಸರನ್ನು ಇಟ್ಟುಕೊಂಡವರು ಯಾರು ಎಂದು ಕೇಳಬೇಕು. ರಥದ ಹೆಸರು ಮಿಲಿಂದನ ಸ್ವಂತದ್ದಲ್ಲ. ಕಾರಿನ ನಂಬರು ಹಿರಿಯರ ಸ್ವಂತದ್ದಲ್ಲ. ಅದು ಅವರು ಎಂದೂ ಮುಖ ನೋಡದ ಜನರಿಗೆ ಕೊಟ್ಟ ಮಾತು. ಕಾರು ಕಳವಾದರೆ ಹುಡುಕುವ ಪೊಲೀಸನಿಗೆ, ವಿಮೆಯವನಿಗೆ, ನಾಳೆ ಕೊಳ್ಳುವವನಿಗೆ. ಒಂದು ಕಾರಿನ ತಗಡು ಬದಲಾಗುತ್ತ ಹೋದರೂ ಅದು ಪ್ರತಿದಿನ ಇದ್ದಲ್ಲೇ ಇದ್ದು, ತೆರಿಗೆ ಕಟ್ಟಿ, ಪರೀಕ್ಷೆಗೆ ಹೋಗಿ ಬಂದ ಅದೇ ಕಾರು. ಅದರ ಚರಿತ್ರೆ ಎಲ್ಲಿಯೂ ತುಂಡಾಗಲಿಲ್ಲ. ನಂಬರು ಜಿಗಿದಾಗ ಚರಿತ್ರೆ ತುಂಡಾಗುತ್ತದೆ, ತುಂಡಾಗಲಿಲ್ಲವೆಂದು ಸುಳ್ಳು ಹೇಳುತ್ತದೆ. ಇದಕ್ಕಿಂತ ಮುಖ್ಯ ಇನ್ನೊಂದುಂಟು. ಕದ್ದ ಕಾರನ್ನು ಮಾಯ ಮಾಡುವುದು ಇದೇ ಉಪಾಯದಿಂದ. ಗುಜರಿಯಿಂದ ಸತ್ತ ಗಾಡಿಯ ನಂಬರು ಕೊಂಡು ಜೀವಂತ ಕದ್ದ ಗಾಡಿಗೆ ಬೆಸೆಯುತ್ತಾರೆ. ನಮ್ಮ ಹಿರಿಯರು ಕಳ್ಳರಲ್ಲ, ನಿಜ. ಆದರೆ ಒಳ್ಳೆಯವರೂ ಇದನ್ನು ಮಾಡತೊಡಗಿದರೆ ಕಳ್ಳನನ್ನು ಗುರುತಿಸುವ ಬಗೆಯೇ ಉಳಿಯುವುದಿಲ್ಲ. ನನ್ನ ಉದ್ದೇಶ ಒಳ್ಳೆಯದು ಎನ್ನುವುದು ನನ್ನ ಹೊಟ್ಟೆಯೊಳಗಿನ ಸಂಗತಿ. ಬೆಸುಗೆಯ ಗೆರೆ ನೋಡಿದವನಿಗೆ ಅದು ಕಾಣುವುದಿಲ್ಲ.

ಹಿರಿಯರು ಇಷ್ಟೆಲ್ಲ ವಾದ ಮಾಡಲಿಲ್ಲ. ‘ಬೇಡ ಮಾರಾಯ, ಆರ್.ಸಿ. ಪುಸ್ತಕದಲ್ಲಿ ನನ್ನ ಸಹಿ ಇದೆ’ ಎಂದರು, ಅಷ್ಟೇ.

ಇಷ್ಟಾದರೂ ಮೊದಲಿನ ಪ್ರಶ್ನೆ ಹೋಗಲಿಲ್ಲ. ಗಟ್ಟಿಯಾದ ಕಾರನ್ನು ಕೊಯ್ದು ಕೊಳೆತ ಕಾರನ್ನು ಉಳಿಸುವುದು ನ್ಯಾಯವೇ? ಕಾರಿಗೆ ನೋವಿಲ್ಲ, ಹಕ್ಕಿಲ್ಲ, ಆದ್ದರಿಂದ ಪ್ರಶ್ನೆಯೇ ಅಸಂಬದ್ಧ ಎನ್ನಬಹುದು. ನಾನು ಹಾಗೆ ಎನ್ನಲಾರೆ. ಯಾರೋ ಶ್ರಮಿಕರು ಕುರ್ಲಾದಲ್ಲಿ ಒತ್ತಿ, ಬೆಸೆದು, ಬಣ್ಣ ಹಚ್ಚಿದ, ಇನ್ನೂ ಇಪ್ಪತ್ತು ವರ್ಷ ಬಾಳಬಹುದಾದ ವಸ್ತುವನ್ನು ತುಂಡರಿಸುವುದರಲ್ಲಿ ಒಂದು ಹಿಂಜರಿಕೆ ಇರಬೇಕು. ಹಿಂಜರಿಕೆ ಎಂದೆ, ನಿಷೇಧ ಎನ್ನಲಿಲ್ಲ. ಕರಾವಳಿ ಮಲೆನಾಡುಗಳಲ್ಲಿ ಬಿದ್ದ ಮನೆಯ ಕಂಬ, ಜಂತಿ, ಬಾಗಿಲುವಾಡಗಳನ್ನು ಕೊಂಡು ಹೊಸ ಮನೆಗೆ ಹಾಕಿಸುವುದು ಹಿಂದಿನಿಂದ ಬಂದದ್ದು. ಆದರೆ ಜನ ವಾಸವಾಗಿರುವ ಮನೆಯ ಕಂಬಕ್ಕೆ ಬೆಲೆ ಕೇಳುವವನನ್ನು ಊರು ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ನಾಡಿನ ನಾನಾ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಅವನ್ನು ನೋಡುವಾಗಲೂ, ಇವು ಅಲ್ಲಿಯೇ ಉಳಿಯಬಹುದಿತ್ತೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿಯೇ ಇದ್ದಿದ್ದರೆ ಸೌದೆಯಾಗುತ್ತಿದ್ದವು ಎಂಬ ಉತ್ತರವೂ ಬರುತ್ತದೆ.

ಮೇಸ್ತ್ರಿ ಓದಿದವನಲ್ಲ, ಆದರೆ ಈ ಹಿಂಜರಿಕೆ ಅವನಲ್ಲಿ ನನಗಿಂತ ಹೆಚ್ಚಾಗಿತ್ತು. ‘ಒಂದು ತಿಂಗಳು ಬಿಡಿ. ಇಡೀ ಗಾಡಿ ಕೊಳ್ಳುವವರು ಬಂದರೆ ಬರಲಿ. ಬರದಿದ್ದರೆ ಕೊಯ್ಯೋಣ’ ಎಂದ. ಪ್ರದರ್ಶನಕ್ಕೆ ಇಡುವವರು, ಸಿನಿಮಾದವರು ಕೆಲವೊಮ್ಮೆ ಕಾಗದವಿಲ್ಲದ ಗಾಡಿಗಳನ್ನು ಕೊಳ್ಳುವುದುಂಟಂತೆ. ಒಂದು ತಿಂಗಳು ಕಾದರು. ಯಾರೂ ಬರಲಿಲ್ಲ. ಬಾಗಿಲ ತೆರಪಿಗೆ ಅಡ್ಡಕಂಬಿ ಬೆಸೆದು ಹಿರಿಯರ ಕಾರಿನ ಮೈ ಬಾಗದಂತೆ ನಿಲ್ಲಿಸಿ, ಎರಡು ಪಟ್ಟಿ, ನೆಲದ ಎಡಭಾಗ ಇವನ್ನು ಬದಲಿಸಿದರು. ಬಲಗಡೆಯ ಹಿಂಚಕ್ರದ ಕಮಾನು ಮಾತ್ರ ಬೇರೊಂದು ಟ್ಯಾಕ್ಸಿಯಿಂದ ಬಂತು. ಮಿಕ್ಕ ಗಾಡಿ ಅಲ್ಲಿಯೇ ತೂಕಕ್ಕೆ ಹೋಯಿತು. ಚಿಟ್ಟೆಯ ಚಿತ್ರವಿದ್ದ ಡ್ಯಾಶ್‌ಬೋರ್ಡನ್ನು ಯಾರು ಒಯ್ದರೋ ತಿಳಿಯದು. ಇದರಿಂದ ನ್ಯಾಯವಾಯಿತೆಂದು ನಾನು ಹೇಳುತ್ತಿಲ್ಲ; ಮಾಡಬಹುದಾದ ವಿಚಾರಣೆ ಆಯಿತು ಎಂದಷ್ಟೇ ಹೇಳಬಲ್ಲೆ. ನಮ್ಮದು ಎಂಬ ಕಾರಣಕ್ಕೆ ಕೊಳೆತದ್ದನ್ನೂ ಕೈಬಿಡದಿರುವುದು ಮಮಕಾರ ಎಂದು ವೇದಾಂತಿಗಳು ಜರೆಯಬಹುದು. ಮಮಕಾರವಿಲ್ಲದ ಲೋಕದಲ್ಲಿ ದುರಸ್ತಿ ಎಂಬುದೇ ಇರಲಾರದೆಂದು ನನ್ನ ಗುಮಾನಿ.

ತಗಡು ಎಲ್ಲಿಂದ ಬಂತು ಎಂಬುದನ್ನು ಕೇಳದೆ ಕೊಳ್ಳುವ ಅಭ್ಯಾಸ ಇದಕ್ಕಿಂತ ದೊಡ್ಡ ಪಾಪ. ಅದರ ಬಗ್ಗೆ ಹೆಚ್ಚು ಚರ್ಚೆಯೇ ಬೇಡ. ಮೀರತ್ತಿನ ಸೋತಿಗಂಜ್ ಪೇಟೆ ಕದ್ದ ಗಾಡಿಗಳನ್ನು ಗಂಟೆಗಳಲ್ಲಿ ಬಿಡಿಭಾಗ ಮಾಡುವುದಕ್ಕೆ ಕುಖ್ಯಾತವಾಗಿತ್ತು. 2021ರ ಡಿಸೆಂಬರಿನಲ್ಲಿ ಪೊಲೀಸರು ಅದನ್ನು ಮುಚ್ಚಿಸಿದರು. ಅಲ್ಲಿ ಕೊಂಡವರೆಲ್ಲ ಮರ್ಯಾದಸ್ಥರೇ. ಕಳವಿನ ಮಾಲೆಂದು ತಿಳಿದು ಕೊಳ್ಳುವುದಷ್ಟೇ ಅಲ್ಲ, ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಅಪರಾಧ. ಹಿಂದಿನ ದಂಡಸಂಹಿತೆಯ 411ನೆಯ ಕಲಮು ಹಾಗೆಂದಿತು, 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯ 317ನೆಯದೂ ಹಾಗೆಯೇ ಅನ್ನುತ್ತದೆ. ನಂಬಲು ಕಾರಣ! ಆ ಕಾರಣ ಬಹುಪಾಲು ಬೆಲೆಯಲ್ಲೇ ಇರುತ್ತದೆ. ಹತ್ತು ಸಾವಿರದ ಬಾಗಿಲು ಎರಡು ಸಾವಿರಕ್ಕೆ ಬಂದಾಗ ನಮ್ಮ ಒಳಗಿನವನಿಗೆ ತಿಳಿದೇ ಇರುತ್ತದೆ. ಅವನ ಬಾಯಿಗೆ ಕೈ ಅಡ್ಡ ಇಡುತ್ತೇವೆ.

ಕೊಯ್ಯುವವರ ಕಡೆಗೂ ಒಮ್ಮೆ ನೋಡಬೇಕು. 2010ರ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ವಿಶ್ವವಿದ್ಯಾಲಯವೊಂದು ಹರಾಜಿಗೆ ಹಾಕಿದ ಹಳೆಯ ಯಂತ್ರವನ್ನು ಬಿಚ್ಚಿದಾಗ ಅದರೊಳಗಿನ ಕೋಬಾಲ್ಟ್-60ರ ವಿಕಿರಣ ತಗುಲಿ ಒಬ್ಬ ಕೆಲಸಗಾರ ಸತ್ತ, ಇನ್ನು ಕೆಲವರು ಆಸ್ಪತ್ರೆ ಸೇರಿದರು. ಅದು ಕಾರಲ್ಲ, ನಿಜ. ಆದರೆ ಬ್ಯಾಟರಿಯ ಆಮ್ಲ, ಹಳೆಯ ಬ್ರೇಕಿನ ಕಲ್ನಾರಿನ ಧೂಳು, ಕಣ್ಣಿಗೆ ಹಾರುವ ಕಿಡಿ ಇವೆಲ್ಲ ಬರಿಗೈಯ ಹುಡುಗರ ಪಾಲಿಗೇ. ನೂರು ರೂಪಾಯಿ ಚೌಕಾಶಿ ಮಾಡಿ ಗೆದ್ದೆವೆಂದು ಹಿಗ್ಗುವಾಗ ಆ ನೂರು ಯಾರ ಕನ್ನಡಕದ್ದು, ಯಾರ ಕೈಚೀಲದ್ದು ಎಂದು ಯೋಚಿಸಿದವರು ಕಡಿಮೆ.

ಹಳೆಯ ಕಾರು ಹೊಗೆ ಉಗುಳುತ್ತದೆ, ಗಾಳಿಚೀಲವಿಲ್ಲ, ಇದನ್ನು ಉಳಿಸುವುದೇ ಸಮಾಜದ್ರೋಹ ಎನ್ನುವವರೂ ಇದ್ದಾರೆ. ದಿನವೂ ಐವತ್ತು ಮೈಲಿ ಓಡಿಸುವವನ ಮಟ್ಟಿಗೆ ಅವರ ಮಾತು ಸರಿ. ಭಾನುವಾರ ದೇವಸ್ಥಾನಕ್ಕೆ ಹೋಗಿ ಬರುವ ಕಾರಿಗೆ ಅಷ್ಟು ದೊಡ್ಡ ಮಾತು ಬೇಡ. ಆದರೆ ರಸ್ತೆಯಲ್ಲಿ ಎದುರು ಬರುವವನ ಹಕ್ಕು ಮಾತ್ರ ಭಾನುವಾರವೂ ಇರುತ್ತದೆ. ಅಪಘಾತದ ಎರಡು ಗಾಡಿಗಳ ಮುಂದರ್ಧ ಹಿಂದರ್ಧ ಸೇರಿಸಿ ಒಂದು ಮಾಡಿ ಬಣ್ಣ ಬಳಿದು ಮಾರುವವರಿದ್ದಾರೆ. ಅಂಥ ಬೆಸುಗೆ ಬಿಟ್ಟುಕೊಟ್ಟರೆ ಸಾಯುವವನು ಬೆಸೆದವನಲ್ಲ.

ಹಿರಿಯರಿಗೆ ಈಗ ಕಣ್ಣು ಮಂಜು, ಮಗ ಪರದೇಶದಲ್ಲಿ. ಕಾರು ಮಾರುವ ವಿಚಾರವಿದೆ. ಬ್ಯಾಂಕಿನ ಅಭ್ಯಾಸ, ಒಂದು ಲೆಕ್ಕದ ಪುಸ್ತಕ ಇಟ್ಟಿದ್ದಾರೆ: ಯಾವ ತಗಡು, ಯಾವ ತಾರೀಖು, ಎಲ್ಲಿಂದ, ಯಾವ ಗಾಡಿಯದು, ಎಷ್ಟು ಕೊಟ್ಟದ್ದು. ಹಿಂಚಕ್ರದ ಕಮಾನಿನ ಎದುರು ‘ಟ್ಯಾಕ್ಸಿಯದು, ಒಳಗಡೆ ಹಳದಿ ಬಣ್ಣ ಹಾಗೆಯೇ ಇದೆ’ ಎಂದು ಬರೆದಿದ್ದಾರೆ. ಒಳಗಡೆಯನ್ನು ಯಾರು ನೋಡುತ್ತಾರೆ ಎಂದು ಮೇಸ್ತ್ರಿ ಕೇಳಿದ್ದನಂತೆ. ಕೊಳ್ಳಲು ಮೊದಲು ಬಂದವರು ಪುಸ್ತಕ ಓದಿ, ಕಾಫಿ ಕುಡಿದು, ಎದ್ದು ಹೋದರು. ಎರಡನೆಯವರು ಅದೇ ಪುಸ್ತಕ ತೋರಿಸಿ ಹದಿನೈದು ಸಾವಿರ ಕಡಿಮೆ ಕೇಳಿದರು. ಅದನ್ನು ಬಚ್ಚಿಟ್ಟು ಕಾರು ತೋರಿಸಿ ಎಂದು ಕಟ್ಟಡದ ಹುಡುಗರೇ ಸಲಹೆ ಕೊಟ್ಟಿದ್ದಾರೆ. ಕಾರು ಇನ್ನೂ ಕೆಳಗೆ ನಿಂತಿದೆ. ಪುಸ್ತಕ ಮುಂದಿನ ಸೀಟಿನ ಎದುರಿನ ಖಾನೆಯಲ್ಲಿದೆ.